ಲಕ್ಷ್ಯ ಎಲ್ಲೈತೋ ನಿಂದು?

11 ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ನನ್ನ ಚೀಲದಲ್ಲೇ ಉಳಿದವು. ಕೊನೆಯ ದಿನಾಂಕ ದಾಟಿ ಆರು ದಿನ ಆದ ಮೇಲೆ, ಬೇರೇನೋ ಹುಡುಕುವಾಗ ಕೈಗೆ ಸಿಕ್ಕವು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಝೆರಾಕ್ಸು, ಎಲ್ಲ ಪಿನ್ನು ಹೊಡೆದು ಚೊಕ್ಕಟವಾಗಿ ಜೋಡಿಸಿದ್ದೆ. ಜೋಡಿಸಲು ರಾತ್ರಿ ಒಂದರವರೆಗೆ ಕೂತಿದ್ದೆ. ಮುಟ್ಟಿಸುವುದನ್ನು ಮಾತ್ರ ಮರೆತೆ.

ಹನ್ನೊಂದೂ ನಮ್ಮ ಕೇರಿಯಂಥ ಕೇರಿಯ ಮಕ್ಕಳು. ನಾನು ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯ ಮಾಸ್ತರ. ಮನೆ ಬೆಳಗಾವಿಯಲ್ಲಿ. ದೇಸೂರು, ಇದಲಹೊಂಡ ದಾಟಿ ಖಾನಾಪುರದವರೆಗೆ ರೈಲು, ಅಲ್ಲಿಂದ ಬಸ್ಸು. ಆ ವರ್ಷ ಆ ರೊಕ್ಕ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು ನನಗಲ್ಲ, ಗೋಡೆಗೆ ಹೇಳಿದರು: 'ಕೋಟಾದಾಗ ಬಂದವರ ಹಣೇಬರಹ ಇಷ್ಟ.' ಬೇರೆ ದಿನವಾಗಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಅವತ್ತು ಬಾಯಿ ಬರಲಿಲ್ಲ. ತಪ್ಪು ನನ್ನದೇ ಇತ್ತಲ್ಲ.

ಪಗಾರದಲ್ಲಿ ತೆಗೆದು ಮನೆಮನೆಗೆ ಕೊಡಲು ಹೋದೆ. ಕೆಲವರು ಇಸಕೊಂಡರು. ಒಬ್ಬಾಕಿ ಇಸಕೊಳ್ಳಲಿಲ್ಲ. ನಮ್ಮ ಶಾಲೆಯಲ್ಲೇ ಬಿಸಿಯೂಟದ ಪಾತ್ರೆ ತಿಕ್ಕುವಾಕಿ. (ಅಡುಗೆಗೆ ಯಾಕೆ ಹಚ್ಚಲಿಲ್ಲ ಅನ್ನೋದು ನಿಮಗೆ ಗೊತ್ತೇ ಇದೆ.) ಆದಾಯದ ಕಾಗದಕ್ಕಾಗಿ ಎರಡು ದಿನದ ಕೂಲಿ ಬಿಟ್ಟು ಖಾನಾಪುರಕ್ಕೆ ಅಡ್ಡಾಡಿದ್ದಳು. 'ಇದು ನಿಮ್ಮ ರೊಕ್ಕರೀ ಸರ. ನಮಗ ನಮ್ಮದು ಬೇಕಿತ್ತು' ಅಂದಳು.

ಗೆಳೆಯರೆ, ಗೋಡೆಗೆ ಹೇಳಿದ ಮಾತು ಮತ್ತು ಈ ಮಾತು, ಎರಡೂ ಒಂದೇ ವಾರದಲ್ಲಿ ನನಗೆ ಬಡಿದವು. ಒಂದು ಸುಳ್ಳು, ಒಂದು ಖರೆ. ಎರಡನ್ನೂ ಬಿಡಿಸಿ ನೋಡುವ ಶಕ್ತಿ ಆಗ ನನಗಿರಲಿಲ್ಲ.

ಈ ಮರೆವು ಇವತ್ತಿನದಲ್ಲ. ಖಾನಾಪುರದ ಶಾಲೆಯಲ್ಲಿ ಮಾಸ್ತರರು ದಿನಾ ಕೇಳೋರು: 'ಲಕ್ಷ್ಯ ಎಲ್ಲೈತೋ ನಿಂದು? ಹೊಲಗೇರಿಯೊಳಗ ಬಿಟ್ಟು ಬಂದಿಯೇನು?' ಅದೇ ವರ್ಗದಲ್ಲಿ ಕುಲಕರ್ಣಿಯವರ ಮನೆ ಹುಡುಗನೊಬ್ಬ ಇದ್ದ. ಅವನೂ ಕುಂತಲ್ಲಿ ಕುಂದರುತ್ತಿರಲಿಲ್ಲ. ಅವನಿಗೆ 'ಭಾರೀ ಚೂಟಿ ಐತಿ' ಅಂತ ಹೇಳಿ ಮುಂದಿನ ಬೆಂಚು ಕೊಟ್ಟರು. ನನಗೆ ಕಡೆಯ ಬೆಂಚು, ಕಿಡಕಿ ಪಕ್ಕ. ಕಿಡಕಿಯಲ್ಲಿ ಲೋಂಡಾ ಕಡೆಗೆ ಹೋಗುವ ಗಾಡಿ ಕಾಣುತ್ತಿತ್ತು. ಲಕ್ಷ್ಯ ಎಲ್ಲಿತ್ತು ಅಂದರೆ ಅಲ್ಲಿತ್ತು.

ಆದರೂ ಪಾಸಾದೆ. ಪರೀಕ್ಷೆಯ ಹಿಂದಿನ ರಾತ್ರಿ ಜೀವ ಹೋಗುವ ಹೆದರಿಕೆ ಬಂದರೆ ಇಡೀ ಪುಸ್ತಕ ತಲೆಗೆ ಇಳಿಯುತ್ತಿತ್ತು. ಬೆಳಗಾವಿಯ ಹಾಸ್ಟೆಲ್ಲಿನಲ್ಲೂ ಹಾಗೆಯೇ ದಾಟಿದೆ. ನೌಕರಿ ಬಂದ ಮೇಲೆ ಕಷ್ಟ ಶುರುವಾಯಿತು. ನೌಕರಿಯಲ್ಲಿ ಒಂದು ರಾತ್ರಿಯ ಪರೀಕ್ಷೆ ಇಲ್ಲ. ಹಾಜರಿ, ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ದಿನಾ ಇಷ್ಟಿಷ್ಟು. ಬೇರೆಯವರು ತಪ್ಪಿದರೆ ಅದು ಅವರೊಬ್ಬರ ತಪ್ಪು. ನಾನು ತಪ್ಪಿದರೆ ಇಡೀ ಕೇರಿಯ ತಪ್ಪು. ಅದಕ್ಕೆ ಮರೆತದ್ದನ್ನು ಮುಚ್ಚಿಡುವುದೇ ನನ್ನ ಅರ್ಧ ನೌಕರಿ ಆಯಿತು. ಸಂಜೆ ಮನೆಗೆ ಬಂದರೆ ಚಪ್ಪಲಿ ಕಳೆಯಲೂ ತ್ರಾಣ ಇರುತ್ತಿರಲಿಲ್ಲ. ಮಕ್ಕಳು ಮಾತಾಡಿಸಿದರೆ ಸಿಟ್ಟು.

ಅರ್ಜಿಯ ಪ್ರಕರಣವಾದ ಮೇಲೆ ನಿದ್ದೆ ಹೋಯಿತು. ಹೆಂಡತಿ ಹಟಹಿಡಿದು ಧಾರವಾಡದ ಡಿಮ್ಹಾನ್ಸಿಗೆ ಕರೆದುಕೊಂಡು ಹೋದಳು. ನಮ್ಮ ಕಡೆ ಅದಕ್ಕೆ ಈಗಲೂ 'ಹುಚ್ಚಾಸ್ಪತ್ರಿ' ಅಂತಾರೆ. ನಿದ್ದೆಯ ಗುಳಿಗೆ ಕೊಟ್ಟು ಕಳಿಸುತ್ತಾರೆ ಅಂದುಕೊಂಡಿದ್ದೆ. ಅವರು ಸಣ್ಣವನಿದ್ದಾಗ ಹೆಂಗಿದ್ದೆ ಅಂತ ಕೇಳಿದರು. ಮುಂದಿನ ಸಲ ಅವ್ವನನ್ನು ಕರಕೊಂಡು ಬರಲು ಹೇಳಿದರು. ದೊಡ್ಡವರಲ್ಲಿ ಇದನ್ನು ಗುರುತಿಸಬೇಕಾದರೆ 12 ವರ್ಷದೊಳಗೇ ಲಕ್ಷಣ ಇದ್ದವೋ ಇಲ್ಲವೋ ನೋಡಬೇಕಂತೆ. ಅವ್ವ ನನ್ನದು ಹೇಳುವುದು ಬಿಟ್ಟು ಅಪ್ಪನ ಕತೆ ಹೇಳಿದಳು.

'ಇವರಪ್ಪನೂ ಹಿಂಗ ಇದ್ದಾರೀ. ಹಂಚಿನ ಫ್ಯಾಕ್ಟರಿ ಭಟ್ಟಿ ಮುಂದ ನಿಂತ್ರ ಹೊತ್ತು ಹೋದದ್ದ ತಿಳೀತಿದ್ದಿಲ್ಲ. ಸಂತಿಗೆ ಉಪ್ಪು ತರಾಕ ಕಳಿಸಿದ್ರ ಬರೇ ಕೈಲೆ ಬರ್ತಿದ್ದ.'

ಡಾಕ್ಟರರು ನಕ್ಕರು. ಇದು ರಕ್ತದಲ್ಲಿ ಬರೋದು ಬಹಳ ಅಂದರು. ಹೆಸರು ಹೇಳಿದರು: ಎಡಿಎಚ್‌ಡಿ. ಲಕ್ಷ್ಯ ಇಲ್ಲ ಅಂತಲ್ಲ. ಲಕ್ಷ್ಯದ ಮೂಗುದಾರ ನಮ್ಮ ಕೈಯಲ್ಲಿ ಇರಂಗಿಲ್ಲ. ಮೆದುಳಿನಲ್ಲಿ ಡೋಪಮಿನ್, ನಾರ್ ಅಡ್ರಿನಲಿನ್ ಅನ್ನುವ ರಸಗಳ ವ್ಯವಹಾರ ಬೇರೆ ಥರ. ಹೆದರಿಕೆ, ಹೊಸತು, ಹುರುಪು ಇದ್ದರೆ ಬಂಡಿ ಓಡುತ್ತದೆ. ಬೇಸರದ ಕೆಲಸಕ್ಕೆ ಎತ್ತು ಏಳುವುದೇ ಇಲ್ಲ. ದೊಡ್ಡವರಲ್ಲಿ ನೂರಕ್ಕೆ ಎರಡು ಮೂರು ಜನರಿಗೆ ಇದು ಇರುತ್ತದೆ ಅಂತ ಅಂದಾಜು.

ನಾನು ಆಮೇಲೆ ಓದಿದೆ. 1902ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟ. ಅವನು ಇದಕ್ಕೆ ನೈತಿಕ ಹಿಡಿತದ ಕೊರತೆ ಅಂದ. ನೋಡ್ರಿ, ಅಲ್ಲಿ ನೀತಿ, ಇಲ್ಲಿ ಜಾತಿ. ಅಮೆರಿಕದ ಮನೋವೈದ್ಯರ ಪುಸ್ತಕದಲ್ಲಿ ಲಕ್ಷ್ಯದ ಕೊರತೆ ಅನ್ನುವ ಹೆಸರು ಬಂದದ್ದು 1980ರಲ್ಲಿ. ದೊಡ್ಡವರಿಗೆ ಆರರ ಬದಲು ಐದು ಲಕ್ಷಣ ಸಾಕು ಅಂತ ಬರೆದದ್ದು 2013ರಲ್ಲಿ. ಅಷ್ಟರಲ್ಲಿ ನಮ್ಮಪ್ಪ ಮಣ್ಣಾಗಿದ್ದ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆ ಇವೆ. ಕಲಿಕೆಯ ನ್ಯೂನತೆ ಇದೆ, ಇದು ಇಲ್ಲ. ಪಟ್ಟಿಯಲ್ಲಿ ಇದ್ದಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ. ಒಂದು ಕೋಟಾದ ಬೈಗುಳ ಸಾಲದೆ ಇನ್ನೊಂದು ಯಾಕೆ ಅಂತ ಹೆದರುತ್ತಿದ್ದೆ. ಈ ಹೆದರಿಕೆ ಸರಿ ಅಂತ ನಾನು ಹೇಳುತ್ತಿಲ್ಲ.

ಗುಳಿಗೆ ಕೊಟ್ಟರು, ಮಿಥೈಲ್‌ಫೆನಿಡೇಟ್. ಅದು 1985ರ ಮಾದಕ ವಸ್ತು ಕಾಯಿದೆಯ ಪಟ್ಟಿಯಲ್ಲಿ ಬರುವುದರಿಂದ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಬೆಳಗಾವಿಯಲ್ಲಿ ಚೀಟಿ ಹಿಡಿದು ಎರಡು ಮೂರು ಅಂಗಡಿ ತಿರುಗಿದ್ದೇನೆ. ಬೆಳಿಗ್ಗೆ ತಗೊಂಡರೆ ನಾಲ್ಕು ತಾಸು ತಲೆಯೊಳಗಿನ ಸಂತೆ ಸುಮ್ಮನಾಗುತ್ತದೆ. ಹಸಿವೂ ಸತ್ತುಹೋಗುತ್ತದೆ, ಅದಕ್ಕೆ ರೊಟ್ಟಿ ತಿಂದೇ ಗುಳಿಗೆ. ಡಾಕ್ಟರರು ನಾಡಿ, ಬಿ.ಪಿ. ನೋಡುತ್ತಿರುತ್ತಾರೆ. ಆದರೆ ಗುಳಿಗೆ ಬಂದು ಅರ್ಜಿ ತುಂಬುವುದಿಲ್ಲ. ಆ ನಾಲ್ಕು ತಾಸನ್ನು ಎಲ್ಲಿ ಹಾಕಬೇಕು ಅನ್ನೋದನ್ನು ನಾನೇ ಕಲಿಯಬೇಕಾಯಿತು.

ಲೆಕ್ಕ, ಕಾಗದ ಎಲ್ಲ ಮಧ್ಯಾಹ್ನದ ಊಟದೊಳಗೆ. ಮೂರು ಗಂಟೆಯ ಮೇಲೆ ನನ್ನ ಕೈಗೆ ಪೆನ್ನು ಕೊಡಬಾರದು. ಆಗ ಮಕ್ಕಳ ಜೊತೆ ಹಾಡು, ಕಬಡ್ಡಿ. ನೆನಪನ್ನು ತಲೆಯಲ್ಲಿ ಇಡುವುದು ಬಿಟ್ಟೆ. ಕಿಸೆಯಲ್ಲಿ ಒಂದೇ ನೋಟಬುಕ್ಕು, ಎರಡು ಇಟ್ಟರೆ ಎರಡೂ ಕಳೆಯುತ್ತವೆ. ಮುಟ್ಟಿಸಬೇಕಾದ ಕಾಗದವನ್ನು ರಾತ್ರಿ ಚಪ್ಪಲಿಯ ಮೇಲೆ ಇಡುತ್ತೇನೆ. ಅದನ್ನು ಎತ್ತದೆ ಹೊಸ್ತಿಲು ದಾಟಲು ಆಗುವುದಿಲ್ಲ. ಹೆಂಡತಿ ಮೊದಮೊದಲು ನಗುತ್ತಿದ್ದಳು, ಈಗ ಕರೆಂಟ್ ಬಿಲ್ಲನ್ನೂ ಅಲ್ಲೇ ಇಡುತ್ತಾಳೆ. ಮರೆತರೆ ಮುಚ್ಚಿಡದೆ ಅವತ್ತೇ ಹೆಡ್‌ಮಾಸ್ತರರಿಗೆ ಹೇಳುತ್ತೇನೆ. ಇದು ಎಲ್ಲಕ್ಕಿಂತ ಕಷ್ಟದ್ದು. ಆದರೆ ಸಂಜೆಗೆ ತ್ರಾಣ ಉಳಿದದ್ದು ಇದರಿಂದಲೇ.

ಇನ್ನೊಂದು ನನಗೆ ಅಪ್ಪನಿಂದ ತಿಳಿದದ್ದು. ಭಟ್ಟಿಯಲ್ಲಿ ಒಬ್ಬ ಕೊಡುವಾತ, ಒಬ್ಬ ತಗೊಳ್ಳುವಾತ. ಕೈ ನಿಲ್ಲಿಸಿದರೆ ಎದುರಿನವನ ಕೈ ಖಾಲಿ. ಅದಕ್ಕೇ ಅಲ್ಲಿ ಅವನ ಲಕ್ಷ್ಯ ಕದಲುತ್ತಿರಲಿಲ್ಲ. ಸಂತೆಗೆ ಒಬ್ಬನೇ ಹೋಗುತ್ತಿದ್ದ. ನನಗೂ ಒಬ್ಬನೇ ಕೂತರೆ ಕಾಗದದ ಕೆಲಸ ಸಾಗದು. ಎದುರಿಗೆ ಯಾರಾದರೂ ಸುಮ್ಮನೆ ಕೂತಿದ್ದರೂ ಸಾಕು.

ಮಾಸ್ತರರಿಗೆ ಒಂದು ಮಾತು. ಕಡೆಯ ಬೆಂಚಿನ ಹುಡುಗನಿಗೆಲ್ಲ ಈ ಹೆಸರು ಅಂಟಿಸಬ್ಯಾಡ್ರಿ. ಹಸಿದ ಮಗುವಿಗೂ ಲಕ್ಷ್ಯ ಇರಂಗಿಲ್ಲ, ರಕ್ತ ಕಡಿಮೆ ಇದ್ದವಕ್ಕೂ ಇರಂಗಿಲ್ಲ, ರಾತ್ರಿ ಕುಡುಕ ಅಪ್ಪನ ಹೊಡೆತ ತಿಂದವಕ್ಕೂ ಇರಂಗಿಲ್ಲ. ಮೊದಲು ಉಂಡೀಯೇನು ಅಂತ ಕೇಳ್ರಿ. ಆಮೇಲೂ ವರ್ಷಾನುಗಟ್ಟಲೆ ಮನೆಯಲ್ಲೂ ಶಾಲೆಯಲ್ಲೂ ಹಾಗೇ ಇದ್ದರೆ ಡಾಕ್ಟರರ ಹತ್ತಿರ ಕಳಿಸ್ರಿ. 14416ಕ್ಕೆ ಫೋನು ಹಚ್ಚಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಟೆಲಿ ಮಾನಸ್ ಅಂತ 2022ರಲ್ಲಿ ಶುರುವಾದದ್ದು, ರೊಕ್ಕ ಇಲ್ಲ.

ಈ ವರ್ಷ ಅರ್ಜಿ 14 ಇದ್ದವು. ರೊಕ್ಕ ಇಸಕೊಳ್ಳದ ಆ ತಾಯಿಯನ್ನೇ ಕೇಳಿದೆ: 'ಅಕ್ಕಾ, ಪಾತ್ರೆ ಆದ ಮ್ಯಾಲ ಅರ್ಧ ತಾಸು ನನ್ನ ಮುಂದ ಕುಂದರ್ತೀರೇನು? ಏನೂ ಮಾಡೂದ ಬ್ಯಾಡ.' ಯಾಕಂತ ಹೇಳಿದೆ, ಇದೆಲ್ಲ ಹೇಳಿದೆ. ಅರ್ಥವಾಯಿತೋ ಇಲ್ಲವೋ, ಕುರ್ಚಿಯ ಮೇಲೆ ಕೂತಳು. ಕುರ್ಚಿ ಬೇಡ ಅಂದಿದ್ದಳು ಮೊದಲು. ಮುಗಿದ ಅರ್ಜಿಯನ್ನು ನಾನು ಅತ್ತ ಸರಿಸಿದಂತೆಲ್ಲ ಆಕೆ ಬೆರಳು ಮಡಚಿ ಎಣಿಸಿದಳು.

'ಹದಿಮೂರ ಆದೂರೀ ಸರ. ಇನ್ನೊಂದೆಲ್ಲಿ?'

ಹಾಜರಿ ಪುಸ್ತಕದ ಕೆಳಗಿತ್ತು.