ಮಾತು ಕೊಟ್ಟವನು ನಾನು, ಗಾಬ್ಲಿನ್ನಿಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋಕೆ ನಾಲ್ಕು ಜನ ಕೂತಾಗ ಯಾರಾದ್ರೂ "ನಾನು ಪ್ಯಾಲಡಿನ್ ತಗೋತೀನಿ" ಅಂದ್ರೆ ಉಳಿದವರ ಮುಖ ಒಂಚೂರು ಸಪ್ಪಗಾಗತ್ತೆ. ಬಾಯಿಬಿಟ್ಟು ಏನೂ ಹೇಳಲ್ಲ, ಆದ್ರೆ ಮನಸ್ಸಲ್ಲಿ "ಮುಗೀತು, ಇನ್ಮೇಲೆ ಕಳ್ಳತನ ಇಲ್ಲ, ಸುಳ್ಳು ಇಲ್ಲ, ಮಜಾನೂ ಇಲ್ಲ" ಅಂತ ಇರತ್ತೆ. ನಾನು ಮೂರು ವರ್ಷದಿಂದ ಆ ಪ್ಯಾಲಡಿನ್ನನ್ನೇ ಆಡ್ತಿರೋನು. ಹಾಗಾಗಿ ಈ ಬರಹಾನ ಒಂಥರಾ ವಕಾಲತ್ತು ಅಂದ್ಕೊಳ್ಳಿ :)

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಬಾಯಲ್ಲೇ ಕತೆ ಕಟ್ಟೋ ಆಟ ಇದು. ಕತೆ ನಡೆಸೋನು ಒಬ್ಬ ಇರ್ತಾನೆ, ಅವನಿಗೆ ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ ಅಂತಾರೆ. ಕೆಲಸ ಆಗತ್ತೋ ಇಲ್ವೋ ಅನ್ನೋ ಅನುಮಾನ ಬಂದಲ್ಲಿ ದಾಳ ಹಾಕ್ತೀವಿ. ತಾಳಮದ್ದಳೆ ಕೇಳಿದವರಿಗೆ ಬೇಗ ಅರ್ಥ ಆಗತ್ತೆ: ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಪಾತ್ರವಾಗಿ ವಾದ ಮಾಡೋದು. ಅಲ್ಲಿ ಪ್ರಸಂಗದ ಕೊನೆ ಕೇಳೋರಿಗೂ ಗೊತ್ತಿರತ್ತೆ, ಇಲ್ಲಿ ಡಿಎಂಗೂ ಗೊತ್ತಿರಲ್ಲ, ಅಷ್ಟೇ ವ್ಯತ್ಯಾಸ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಅಮೆರಿಕನ್ನರು ಇದನ್ನ ಹೊರತಂದಿದ್ದು 1974ರಲ್ಲಿ. ಪ್ಯಾಲಡಿನ್ ಬಂದಿದ್ದು ಮಾರನೇ ವರ್ಷ, 'ಗ್ರೇಹಾಕ್' ಅನ್ನೋ ಪುರವಣಿ ಪುಸ್ತಕದಲ್ಲಿ. ಹೆಸರು ಮಾತ್ರ ತುಂಬಾ ಹಳೇದು, ಫ್ರಾಂಕರ ದೊರೆ ಶಾರ್ಲ್‌ಮೇನ್‌ನ ಕತೆಗಳಲ್ಲಿ ಬರೋ ಹನ್ನೆರಡು ವೀರರದ್ದು. ದೇವರ ಹೆಸರಲ್ಲಿ ಕತ್ತಿ ಹಿಡಿದು, ಒಂದು ನೀತಿಸಂಹಿತೆಗೆ ಕಟ್ಟುಬಿದ್ದು ಬದುಕೋ ಯೋಧ.

ಹಳೇ ನಿಯಮಗಳು ಭಾರೀ ಖಡಕ್. 1978ರ 'ಪ್ಲೇಯರ್ಸ್ ಹ್ಯಾಂಡ್‌ಬುಕ್' ಪ್ರಕಾರ ಪ್ಯಾಲಡಿನ್ ಆಗೋಕೆ ಕರಿಸ್ಮಾ, ಅಂದ್ರೆ ವರ್ಚಸ್ಸು, ಕನಿಷ್ಠ 17 ಇರಬೇಕಿತ್ತು. ಮೂರು ದಾಳ ಒಟ್ಟಿಗೆ ಹಾಕಿದ್ರೆ 17 ಅಥವಾ 18 ಬೀಳೋದು 216ರಲ್ಲಿ 4 ಸಲ. (ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಯ್ತಲ್ಲ.) ಗಳಿಕೆಯಲ್ಲಿ ಹತ್ತನೇ ಒಂದು ಭಾಗ ದಾನ ಕೊಡಬೇಕು. ಮಾಯದ ವಸ್ತು ಹತ್ತಕ್ಕಿಂತ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ. ಬೇಕುಬೇಕಂತಲೇ ಒಂದು ದುಷ್ಟ ಕೆಲಸ ಮಾಡಿದ್ರೆ ಪಟ್ಟ ಹೋಯ್ತು, ಮತ್ತೆ ಯಾವತ್ತೂ ಸಿಗಲ್ಲ. 2000ದಲ್ಲಿ ಬಂದ ಮೂರನೇ ಆವೃತ್ತಿ ಪ್ರಾಯಶ್ಚಿತ್ತಕ್ಕೆ ದಾರಿ ಬಿಟ್ಟಿತ್ತು, ಆದ್ರೆ ಪಟ್ಟಿ ಹಾಗೇ ಇತ್ತು: ಸುಳ್ಳು ಹೇಳಬಾರದು, ಮೋಸ ಮಾಡಬಾರದು, ವಿಷ ಬಳಸಬಾರದು, ಗೊತ್ತಿದ್ದೂ ದುಷ್ಟರ ಜೊತೆ ಸೇರಬಾರದು.

ಎಡವಟ್ಟು ಇರೋದು ಆ ಕೊನೇ ನಿಯಮದಲ್ಲಿ. ನಾನು ದುಷ್ಟರ ಜೊತೆ ಸೇರೋ ಹಾಗಿಲ್ಲ ಅಂದ್ರೆ, ಪಕ್ಕದಲ್ಲಿ ಕೂತ ಗೆಳೆಯ ಎಂಥ ಪಾತ್ರ ಆಡಬೇಕು ಅಂತಾನೂ ನಾನೇ ತೀರ್ಮಾನ ಮಾಡ್ದ ಹಾಗಾಯ್ತು. ಅವನು ಜೇಬಿಗೆ ಕೈ ಹಾಕಿದ್ರೆ ನನ್ನ ಉಪನ್ಯಾಸ, ಕಾವಲುಗಾರನಿಗೆ ಸುಳ್ಳು ಹೇಳಿದ್ರೆ ನನ್ನ ಕತ್ತಿ. ಹಾಸ್ಟೆಲ್ ವಾರ್ಡನ್ ಜೊತೆ ಟೂರ್ ಹೋದ ಹಾಗೆ. ಇಂಥ ಪ್ಯಾಲಡಿನ್‌ಗಳಿಗೆ ಆಡೋವ್ರು ಇಟ್ಟಿರೋ ಹೆಸರೇ 'ಲಾಫುಲ್ ಸ್ಟುಪಿಡ್'. ಇನ್ನು ಡಿಎಂಗಳೂ ಏನ್ ಕಮ್ಮಿ ಇಲ್ಲ. ಎಡಕ್ಕೆ ಹೋದ್ರೆ ಹಳ್ಳಿ ಸುಡತ್ತೆ, ಬಲಕ್ಕೆ ಹೋದ್ರೆ ಮಕ್ಕಳು ಸಾಯ್ತಾರೆ, ಎರಡರಲ್ಲಿ ಯಾವ್ದು ಮಾಡಿದ್ರೂ ನಿನ್ನ ಪಟ್ಟ ಹೋಯ್ತು ಅಂತ ಕಾದು ಕೂತಿರ್ತಾರೆ. ಅದನ್ನ ಧರ್ಮಸಂಕಟ ಅಂತ ಕರೀತಾರೆ, ನಂಗೆ ಅದು ಇಲಿಬೋನಿನ ಥರ ಕಾಣತ್ತೆ.

2014ರ ಐದನೇ ಆವೃತ್ತಿ ಇದನ್ನೆಲ್ಲ ಸಡಿಲ ಮಾಡ್ತು. ಈಗ ಪ್ಯಾಲಡಿನ್ ಯಾವ ಸ್ವಭಾವದವನಾದ್ರೂ ಆಗಬಹುದು, ತನಗೆ ಬೇಕಾದ ಒಂದು ಪ್ರತಿಜ್ಞೆ ಆರಿಸ್ಕೊಂಡ್ರೆ ಸಾಕು. ಸೇಡಿಗೂ ಒಂದು ಪ್ರತಿಜ್ಞೆ ಇದೆ. 2023ರಲ್ಲಿ ಬಂದ 'ಬಾಲ್ಡರ್ಸ್ ಗೇಟ್ 3' ಕಂಪ್ಯೂಟರ್ ಗೇಮಲ್ಲಂತೂ ಪ್ರತಿಜ್ಞೆ ಮುರಿದ್ರೆ ಒಬ್ಬ ನೈಟ್ ಬಿಡಾರಕ್ಕೆ ಬಂದು ನಿಲ್ತಾನೆ. ಸಾವಿರ ಚಿನ್ನದ ನಾಣ್ಯ ಕೊಟ್ರೆ ಪ್ರತಿಜ್ಞೆ ವಾಪಸ್. ನಮ್ಮೂರಲ್ಲಿ ಇದಕ್ಕೆ ತಪ್ಪುಕಾಣಿಕೆ ಅಂತೀವಿ!

ಖಡಕ್ ಮಾಡಬೇಕೋ ಸಡಿಲ ಬಿಡಬೇಕೋ ಅಂತ ಆಡೋವ್ರು ಬೇಕಾದಷ್ಟು ಜಗಳ ಆಡ್ತಾರೆ. ನಂಗೆ ಬೇರೇನೇ ಒಂದು ಪ್ರಶ್ನೆ ದೊಡ್ಡದು ಅನ್ಸತ್ತೆ. ನನ್ನ ನಿಷ್ಠೆಯ ಬೆಲೆ ಯಾರು ಕೊಡ್ತಾರೆ? 2000ದಲ್ಲಿ ಬಂದ 'ಬಾಲ್ಡರ್ಸ್ ಗೇಟ್ 2'ರಲ್ಲಿ ಕೆಲ್‌ಡಾರ್ನ್ ಅಂತ ವಯಸ್ಸಾದ ಪ್ಯಾಲಡಿನ್ ಇದಾನೆ. ಜೀವನಪೂರ್ತಿ ಧರ್ಮ, ಸೇವೆ ಅಂತ ಊರೂರು ಅಲೆದೋನು. ಮನೇಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಒಂದಿನ ಮನೆಗೆ ಹೋದ್ರೆ ಹೆಂಡತಿಗೆ ಬೇರೆಯವನ ಸ್ನೇಹ. ಕಾನೂನಿನ ಪ್ರಕಾರ ದೂರು ಕೊಡಿಸಿದ್ರೆ ಆ ಮನುಷ್ಯನಿಗೆ ನೇಣು, ಹೆಂಡತಿಗೆ ಜೈಲು. ಕ್ಷಮಿಸಿ ಮನೆ ಸರಿಮಾಡ್ಕೋ ಅಂತಾನೂ ಹೇಳಬಹುದು, ಅದು ನಮ್ಮ ಕೈಲಿರತ್ತೆ. ನಿಯಮ ಏನನ್ನತ್ತೆ ಅಂತ ಹುಡುಕ್ತಾ ಕೂರೋನಿಗೆ ಒಂದು ವಿಷ್ಯ ಕಾಣಲ್ಲ: ಕೆಲ್‌ಡಾರ್ನ್‌ನ ಅಷ್ಟು ವರ್ಷದ ಸತ್ಯಸಂಧತೆಗೆ ಕಂತು ಕಟ್ಟಿದ್ದು ಆ ಹೆಂಗಸು, ಆ ಮಕ್ಕಳು. ಭೀಷ್ಮನ ಪ್ರತಿಜ್ಞೆಯ ಬಿಲ್ಲು ಅಂಬೆಗೆ ಹೋಯ್ತಲ್ಲ, ಹಾಗೆ.

ಈಗ ನಮ್ಮ ಗಾಬ್ಲಿನ್ ವಿಚಾರ. ನಮ್ಮದು ಡಿಎಂ ಸೇರಿ ಐದು ಜನರ ಗುಂಪು, ಶನಿವಾರ ರಾತ್ರಿ ಆಟ, ಅರ್ಧ ಕನ್ನಡ ಅರ್ಧ ಇಂಗ್ಲಿಷ್. (ಗಾಬ್ಲಿನ್‌ಗಳ ಬಾಯಲ್ಲಿ ಮಾತ್ರ ನಮ್ಮ ಡಿಎಂ ತನ್ನ ಅಜ್ಜನ ಊರಿನ ಕನ್ನಡಾನೇ ಆಡಿಸೋದು.) ಒಂದು ಕೋಟೆಗೆ ನುಗ್ಗಬೇಕಿತ್ತು. ಒಬ್ಬ ಗಾಬ್ಲಿನ್ ಸೆರೆಸಿಕ್ಕ. "ಹಿಂಬಾಗಿಲು ತೋರ್ಸು, ನಿನ್ನ ಪ್ರಾಣಕ್ಕೆ ನಾನು ಹೊಣೆ" ಅಂದೆ. ತೋರಿಸ್ದ. ಆಮೇಲೆ ಕಳ್ಳನ ಪಾತ್ರ ಆಡೋ ಗೆಳೆಯ ಚಾಕು ತೆಗೆದ. "ಇವನನ್ನ ಬಿಟ್ರೆ ಹೋಗಿ ಎಲ್ರನ್ನೂ ಎಬ್ಬಿಸ್ತಾನೆ. ಮುಗಿಸಿಬಿಡೋಣ."

"ಮಾತು ಕೊಟ್ಟಿದೀನಿ ಕಣೋ."

"ನೀನ್ ಕೊಟ್ಟಿರೋದು. ನಾನ್ ಕೊಟ್ಟಿಲ್ವಲ್ಲ."

ಮೇಜು ಗಪ್‌ಚುಪ್. ಅವನ ಮಾತಲ್ಲಿ ತಪ್ಪೇನೂ ಇರಲಿಲ್ಲ, ಅದೇ ಕಷ್ಟ. ಆಮೇಲೆ ಅವನು ಪಾತ್ರ ಬಿಟ್ಟು ತನ್ನ ಸ್ವಂತ ದನಿಯಲ್ಲೇ ಕೇಳ್ದ. "ಲೋ, ನಿನ್ ಒಬ್ಬನ ಸತ್ಯಕ್ಕೆ ನಾವ್ ಮೂರು ಜನ ಸಾಯ್ಬೇಕೇನೋ?" ಕಾಲೇಜಿನಿಂದ ಗೊತ್ತಿರೋ ಹುಡುಗ. ಎರಡು ತಿಂಗಳಿಂದ ಆ ಕೋಟೆ ಸಲುವಾಗಿ ನಕ್ಷೆ ಬರ್ಕೊಂಡು ಕಾದಿದ್ದ. ಅವನಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಅಡ್ಡ ನಿಂತು ಗೆಳೆಯನ ಮೇಲೆ ಕತ್ತಿ ಎತ್ತಬಹುದಿತ್ತು, ಪುಸ್ತಕದ ಪ್ರಕಾರ ಅದು ಸರಿ. ಆ ಕಡೆ ತಿರುಗಿ ನಿಂತು "ನಂಗೇನೂ ಕಾಣಲಿಲ್ಲ" ಅನ್ನಬಹುದಿತ್ತು, ಎಷ್ಟೋ ಪ್ಯಾಲಡಿನ್‌ಗಳು ಮಾಡೋದು ಅದನ್ನೇ. ನಾನಂದೆ, "ನೀವು ಕೋಟೆಗೆ ಹೋಗಿ. ಇವನ ಕೈಗೆ ಹಗ್ಗ ಕಟ್ಟಿ ಕಾಡಿನ ಆಚೆ ಕರ್ಕೊಂಡ್ ಹೋಗಿ ಬೆಳಗ್ಗೆ ಬಿಟ್ಟು ಬರ್ತೀನಿ. ಯಾರನ್ನೂ ಎಬ್ಬಿಸಕ್ಕಾಗಲ್ಲ."

ಅಂದ್ರೆ, ಎರಡು ತಿಂಗಳು ಕಾದಿದ್ದ ಆ ಕಾಳಗದಲ್ಲಿ ನಾನಿಲ್ಲ. ನಾಲ್ಕು ಗಂಟೆ ಹೊತ್ತು ಅವರು ಆಡಿದ್ರು, ನಾನು ಟೀ ಮಾಡ್ದೆ. ಸುಮ್ನೆ ಯಾಕೆ ಕೂತಿದೀಯ ಅಂತ ಡಿಎಂ ಕೋಟೆಯ ಬಿಲ್ಲುಗಾರರ ದಾಳ ನನ್ನ ಕೈಗೆ ಕೊಟ್ಟ, ನನ್ನ ಗೆಳೆಯರಿಗೆ ನಾನೇ ಬಾಣ ಬಿಟ್ಟೆ! ಲೂಟಿಯಲ್ಲಿ ಪಾಲೂ ಬರಲಿಲ್ಲ. ಲೆಕ್ಕ ಪೂರ್ತಿ ಚೊಕ್ಕ ಅಂತ ಹೇಳಲ್ಲ, ನಾನಿಲ್ಲದ್ದಕ್ಕೆ ಅವರಿಗೂ ಪೆಟ್ಟು ಜಾಸ್ತಿ ಬಿತ್ತು, ಒಬ್ಬ ಸಾಯೋದ್ರಲ್ಲಿ ಉಳ್ಕೊಂಡ. ಆದ್ರೂ ದೊಡ್ಡ ಕಂತು ನಂದೇ ಇತ್ತು, ಅದನ್ನ ಕಳ್ಳನೂ ಒಪ್ಕೊಂಡ. ಅವತ್ತಿಂದ ನನ್ನ ಅಡ್ಡಹೆಸರು ಪುಣ್ಯಕೋಟಿ. ಗೇಲಿಗೇ ಇಟ್ಟಿದ್ದು, ಆದ್ರೆ ಹೆಸರು ಸರಿಯಾಗೇ ಇದೆ ಅನ್ಸತ್ತೆ. ಆ ಹಸು ಕರುವನ್ನ ಉಳಿದ ಹಸುಗಳಿಗೆ ಒಪ್ಪಿಸಿ ಒಬ್ಬಳೇ ಹೋದಳು, ನನ್ನ ಸತ್ಯಕ್ಕೆ ನೀವೂ ಬನ್ನಿ ಅಂತ ಯಾರನ್ನೂ ಕರೀಲಿಲ್ಲ.

ಆ ಗಾಬ್ಲಿನ್ ಮತ್ತೆ ಕತೆಯಲ್ಲಿ ಬರಲೇ ಇಲ್ಲ. ಉಪಕಾರ ತೀರಿಸೋಕೂ ಇಲ್ಲ, ಬೆನ್ನಿಗೆ ಇರಿಯೋಕೂ ಇಲ್ಲ. ಡಿಎಂ ಹಾಗೆ ಮಾಡಿದ್ದು ನಂಗೆ ತುಂಬಾ ಇಷ್ಟ ಆಯ್ತು.

ನಮ್ಮ ಕೆಲಸದಲ್ಲಿ "ಸಂಜೆಯೊಳಗೆ ಆಗತ್ತೆ" ಅನ್ನೋದು ಒಂದು ಅಂದಾಜು. ಹೇಳೋನಿಗೂ ಗೊತ್ತು, ಕೇಳೋನಿಗೂ ಗೊತ್ತು, ಯಾರೂ ತಪ್ಪು ತಿಳ್ಕೊಳ್ಳಲ್ಲ. ವಾರಪೂರ್ತಿ ಅಂದಾಜುಗಳ ಮಧ್ಯೆ ಓಡಾಡಿ ಶನಿವಾರ ರಾತ್ರಿ ಒಂದು ಮಾತನ್ನ ಮಾತಾಗೇ ಆಡೋದ್ರಲ್ಲಿ ಏನೋ ಒಂದು ಸುಖ ಇದೆ. ಇದನ್ನ ವಿವರಿಸೋಕೆ ಹೋದಾಗೆಲ್ಲ ಆಫೀಸಲ್ಲಿ ನಗ್ತಾರೆ.

ಈಗ ನಮ್ಮ ಗುಂಪು ಒಂದು ಉಪಾಯ ಕಂಡ್ಕೊಂಡಿದೆ. ಯಾರಿಗಾದ್ರೂ ಸುಳ್ಳು ಹೇಳಬೇಕು, ತೀರಿಸೋಕಾಗದ ಮಾತು ಕೊಡಬೇಕು ಅಂತ ಬಂದಾಗ ಕಳ್ಳ ನನ್ನ ಕಡೆ ತಿರುಗಿ "ಪುಣ್ಯಕೋಟಿ, ಹೋಗಿ ಕುದುರೆ ನೋಡ್ಕೊಂಡ್ ಬಾ" ಅಂತಾನೆ. ಒಳಗೆ ಏನು ನಡೆಯತ್ತೆ ಅಂತ ಗೊತ್ತಿದ್ದೂ ಎದ್ದು ಹೋಗೋದು ಪ್ರತಿಜ್ಞೆ ಮುರಿದ ಹಾಗೇನಾ? ಹೌದು ಅಂತ ಡಿಎಂ ವಾದ. ನನ್ನ ಬಾಯಿಗೆ ಮಾತ್ರ ನಾನು ಯಜಮಾನ ಅಂತ ನನ್ನ ವಾದ. ಇದು ಹೋದ ತಿಂಗಳು ಶುರುವಾಗಿದ್ದು, ಇನ್ನೂ ತೀರ್ಮಾನ ಆಗಿಲ್ಲ. ಅಲ್ಲಿವರೆಗೆ ನಮ್ಮ ಕುದುರೆಗಳು ಚೆನ್ನಾಗಿ ಹುಲ್ಲು ತಿನ್ಕೊಂಡು ದಪ್ಪ ಆಗ್ತಿದಾವೆ.