ಸೂರು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದಕ್ಕೆ ಸಮೀಪದ ನಮ್ಮೂರಿನಲ್ಲಿ ಗೋಡೆ ಕಾಯುವುದೂ ಬೇಸಾಯದಂತೆ ವರ್ಷವರ್ಷದ ಕೆಲಸ. ಮುಂಗಾರಿಗೆ ಮುನ್ನ ತಂದೆಯವರು ಹೊರಗೋಡೆಗಳನ್ನು ಕೆರೆಸಿ ಸುಣ್ಣ ಬಳಿಸುತ್ತಿದ್ದರು; ಗಾಳಿಯ ಮಗ್ಗುಲಿಗೆ ಅಡಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದರು. ಹೊಸ ಸುಣ್ಣದ ಕ್ಷಾರದಲ್ಲಿ ಪಾಚಿ, ಬೂಷ್ಟುಗಳು ಸುಲಭವಾಗಿ ತಲೆಯೆತ್ತಲಾರವು. ಗಾಳಿ ತಾಗಿ ಆ ಕ್ಷಾರ ಕುಗ್ಗುವುದರಿಂದಲೇ ಪ್ರತಿವರ್ಷದ ಆ ಶ್ರಮ.

ಮನೆವಾರ್ತೆ ನನ್ನ ಕೈಗೆ ಬಂದಾಗ ಇದೆಲ್ಲ ವ್ಯರ್ಥವೆನಿಸಿತು. ಒಳಗೆ ಬೆಳಕು ಸಾಲದೆಂದು ಸೂರನ್ನು ಎರಡು ಅಡಿ ಮೊಟಕುಗೊಳಿಸಿ, ಗೋಡೆಗೆ ಬೆಲೆಬಾಳುವ ಬಣ್ಣ ಹೊಡೆಸಿದೆ. “ಎರಚಲು ಗೋಡೆಗೇ ಹೊಡೆಯುತ್ತದೆಯಲ್ಲೋ” ಎಂದರು ತಂದೆ. ನಾನು ನಕ್ಕುಬಿಟ್ಟೆ. ಶ್ರಾವಣದ ಹೊತ್ತಿಗೆ ಹಲಸಿನ ಮರದ ನೆರಳಿನಲ್ಲಿದ್ದ ಪಡುವಣ ಗೋಡೆ ಮೊದಲು ಹಸುರಾಯಿತು, ಬಳಿಕ ಕಪ್ಪಿಟ್ಟಿತು. ಅದರ ಹಿಂದೆಯೇ ತಂದೆಯವರು ಮಲಗುವ ಕೋಣೆ. ಒಳಗೂ ಬೂಷ್ಟು ಹಿಡಿದು ಅವರ ಉಬ್ಬಸ ಹೆಚ್ಚಿತು. ಎರಡು ಸಲ ಉಜ್ಜಿ ಬ್ಲೀಚಿಂಗ್ ಪುಡಿಯ ನೀರು ಬಳಿದೆ. ಗೋಡೆ ತೊಯ್ಯುವುದು ನಿಲ್ಲದೆ ಪಾಚಿ ನಿಂತೀತೆ?

ಮಳೆ ಬಿಟ್ಟೊಡನೆ ಸೂರನ್ನು ಮೂರು ಅಡಿ ಮುಂದಕ್ಕೆ ಚಾಚಿಸಿದೆ. ಹಲಸಿನ ಕೊಂಬೆಗಳನ್ನು ಕಡಿಸಿ, ಬಣ್ಣ ಕೆರೆಸಿ, ಗೋಡೆ ಚೆನ್ನಾಗಿ ಒಣಗಿದ ಮೇಲೆ ಸುಣ್ಣ ಬಳಿಸಿದೆ. ತಂದೆಯವರು ಅಂಗಳದಲ್ಲಿ ಕುಳಿತು ನೋಡುತ್ತಿದ್ದರು. ನನಗೆ ಏನೂ ಹೇಳಲಿಲ್ಲ. ಸುಣ್ಣ ತೆಳುವಾಯಿತೆಂದು ಆಳಿಗೆ ಮಾತ್ರ ಕೂಗಿ ಹೇಳಿದರು.