ಅಂಗಡಿಯಲ್ಲೂ ಇಳಿಯಿರಿ

ಚಿಕ್ಕಮಗಳೂರಿನಿಂದ ಕಳಸದ ಕಡೆ ಹೊರಟವರು ಕಾಫಿ, ಮಂಜು, ಹೋಂಸ್ಟೇ ಅಂತಲೇ ಪ್ರವಾಸ ಮುಗಿಸಬೇಡಿ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿಗೆ ಹೋಗಿ. ಹೊಯ್ಸಳರ ಮೂಲ ನೆಲೆ ಸೊಸೆವೂರು ಅದೇ. ಸಳ ಹುಲಿ ಹೊಡೆದ ಕಥೆಯ ವಾಸಂತಿಕಾ ದೇವಿಯ ಗುಡಿ, ಹಳೆಯ ಜೈನ ಬಸದಿಗಳು ಅಲ್ಲಿವೆ. 1117ರ ಬೇಲೂರು ದೇಗುಲದ ಕುಸುರಿ ಇಲ್ಲಿಲ್ಲ, ನಿಜ; ಆದರೆ ಅದನ್ನು ಮಾಡಿಸಿದ ಮನೆತನ ಎದ್ದದ್ದು ಈ ಮಲೆಯಿಂದಲೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಬೇಲೂರಿಗೆ ಬಂದ ಬಸ್ಸುಗಳು ಇತ್ತ ತಿರುಗುವುದೇ ಇಲ್ಲವಲ್ಲ ಅನ್ನುವುದು ನನ್ನ ಸಂಕಟ.

ಮುಂದೆ ಕೊಟ್ಟಿಗೆಹಾರ. ನೀರುದೋಸೆ ತಿಂದು, ಲೇಖಕ ಪೂರ್ಣಚಂದ್ರ ತೇಜಸ್ವಿ ಹೆಸರಿನ ಪ್ರತಿಷ್ಠಾನಕ್ಕೆ ಹೋಗಿ ಬನ್ನಿ. ಅವರ ‘ಕರ್ವಾಲೊ’ ಕಾದಂಬರಿ ಓದಿದ್ದವರಿಗೆ ಅಲ್ಲಿಂದಾಚೆಯ ಕಾಡು ಪರಿಚಿತ ಅನ್ನಿಸುತ್ತದೆ. ಕಳಸ ತಲುಪಿದರೆ, ಕಳಸೇಶ್ವರನ ಗುಡಿಯ ಮೆಟ್ಟಿಲು ಹತ್ತುವುದನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ. ಭದ್ರೆಯ ದಡದಲ್ಲಿ ಕೂರಲು ಸಂಜೆಯಿಡೀ ಉಳಿಯುತ್ತದೆ.